ಖಜಾನೆಯ ಬೀಗ ತೆಗೆದ ಜಂಟಿ ಫೋಟೊ

ನಾನು ಒಂದು ಫೋಟೊ. ಗಂಡ ಹೆಂಡತಿ ಜೊತೆಗೆ ಕೂತು ತೆಗೆಸಿಕೊಂಡ, ಪಿಂಚಣಿ ಕಾಗದಕ್ಕೆ ಅಂಟಿಸುವ ಜಂಟಿ ಫೋಟೊ. ನೋಡಲು ಅಂಗೈಯಗಲ. ಆದರೆ ನಾನು ಹೂಂ ಅನ್ನದೆ ಸರ್ಕಾರದ ಖಜಾನೆಯ ಬೀಗ ತೆಗೆಯುವುದಿಲ್ಲ. ಮಂತ್ರಿಗಳ ಫೋಟೊ ಗೋಡೆಗಷ್ಟೇ ಲಾಯಕ್ಕು. ನಾನು ಒಂದು ಸಂಸಾರಕ್ಕೆ ಅನ್ನ ಹಾಕಿದವನು.

ಹುಟ್ಟುವ ಮೊದಲೇ ನಾನು ನಾಲ್ಕು ತಿಂಗಳು ಕಾದೆ. ಕಾರಣ, ದ್ಯಾಮವ್ವ ಕ್ಯಾಮೆರಾದ ಮುಂದೆ ಕೂರಲು ಒಪ್ಪಲಿಲ್ಲ.

ಅವಳ ಗಂಡ ಫಕ್ಕೀರಪ್ಪ ಗದಗಿನಲ್ಲಿ ಸರ್ಕಾರಿ ಜೀಪಿನ ಚಾಲಕ. ನಿವೃತ್ತಿ ಹತ್ತಿರ ಬಂದಾಗ ಪಿಂಚಣಿಯ ಮೂರರಲ್ಲಿ ಒಂದು ಪಾಲನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟು, ಬದಲಿಗೆ ಒಂದೇ ಸಲ ದೊಡ್ಡ ಮೊತ್ತ ಪಡೆಯಲು ಅರ್ಜಿ ತುಂಬಿದ. ಆ ದುಡ್ಡಿನಲ್ಲಿ ತಮ್ಮ ಮುದಕಪ್ಪನಿಗೆ ಲಾರಿ. ಆಮೇಲೆ ಹದಿನೈದು ವರ್ಷ ತಿಂಗಳು ತಿಂಗಳು ಕಡಿತ. ಇದನ್ನು ಮುದಕಪ್ಪನಿಗೆ ಹೇಳಿದ, ಚಹದಂಗಡಿಯವನಿಗೆ ಹೇಳಿದ. ಹೆಂಡತಿಗೆ ಹೇಳಲಿಲ್ಲ. ಆ ಅರ್ಜಿಗೆ ಅವಳ ಸಹಿ ಬೇಕಿರಲಿಲ್ಲವಲ್ಲ. ಸುದ್ದಿ ಚಹದಂಗಡಿಯಿಂದ ಹೊರಟು ಅವಳ ಕಿವಿಗೆ ಬಿತ್ತು.

ಆದರೆ ಪಿಂಚಣಿ ಕಾಗದಕ್ಕೆ ನಾನು ಬೇಕಿತ್ತು.

“ಸರ್ಕಾರಕ್ಕ ನನ್ನ ಮಾರಿ ಬೇಕು, ನಿಮಗ ನನ್ನ ಮಾತು ಬ್ಯಾಡ,” ಎಂದಳು ದ್ಯಾಮವ್ವ. “ಹಂಗಾರ ಮುದಕಪ್ಪನ್ನ ಬಾಜೂಕ ಕುಂದರಿಸಿ ತಗಸ್ರಿ. ಸೀರಿ ಬೇಕಾರ ನಾ ಕೊಡ್ತೀನಿ.”

ಫಕ್ಕೀರಪ್ಪ ಸೋಲುವವನಲ್ಲ. ಮದುವೆಯ ಫೋಟೊದಿಂದ ಇಬ್ಬರ ಮುಖವನ್ನೂ ಕತ್ತರಿಸಿ ಕಚೇರಿಗೆ ಒಯ್ದ. ಬಾಸಿಂಗ ಕಟ್ಟಿಕೊಂಡ ಆ ಚಿಂದಿ ನನ್ನ ಜಾಗಕ್ಕೆ ಬಂದಿತ್ತು! ಗುಮಾಸ್ತ ಕನ್ನಡಕ ಏರಿಸಿ, “ಡ್ರೈವರ್ ಸಾಹೇಬ್ರ, ರಿಟೈರ್ ಆಗಾಕತ್ತಿದ್ದು ನೀವೋ, ಈ ಮದಿಮಗನೋ?” ಎಂದ. ಇಡೀ ಕಚೇರಿ ನಕ್ಕಿತು. ಆ ನಗುವಿಗೆ ಸೂರಿನ ಹೆಂಚು ಹಾರಿಹೋದವೆಂದು ಕೇಳಿದ್ದೇನೆ.

ನಿವೃತ್ತಿಯಾಯಿತು. ಸಂಬಳ ನಿಂತಿತು, ಪಿಂಚಣಿ ಬರಲಿಲ್ಲ. ಎರಡನೆಯ ತಿಂಗಳು ಅಂಗಡಿಯವನು ಜೋಳ ಅಳೆಯುವ ಮೊದಲು ದುಡ್ಡು ಕೇಳಿದ. ಆ ದಿನ ದ್ಯಾಮವ್ವ ತಾನೇ ಎದ್ದು ಹೊರಟಳು; ಫಕ್ಕೀರಪ್ಪ ಅವಳ ಹಿಂದೆ ಹಿಂದೆ ಫೋಟೊ ಸ್ಟುಡಿಯೋಗೆ ನಡೆದ.

ಅಲ್ಲೂ ಅವಳು ಕೂರಲಿಲ್ಲ. “ಮೊದಲ ಆ ಅರ್ಜಿ ಹರೀರಿ.”

“ತಮ್ಮಗ ಮಾತು ಕೊಟ್ಟೀನಲೇ.”

“ಮಾತು ಕೊಟ್ಟವ್ರು ನೀವು. ಹದಿನೈದು ವರ್ಷ ಒಪ್ಪತ್ತು ಉಣ್ಣಾಕಿ ನಾನೇನು?”

ಪಿಂಚಣಿ ಕಾಗದದ ಜೊತೆ ಕೊಡಲೆಂದು ಇಟ್ಟುಕೊಂಡಿದ್ದ ಅರ್ಜಿಯನ್ನು ಅವನು ಜೇಬಿನಿಂದ ತೆಗೆದು ಹರಿದ. ಹರಿದ ಸದ್ದು ಹುಬ್ಬಳ್ಳಿಯವರೆಗೂ ಕೇಳಿಸಿತು. ಇಬ್ಬರೂ ಬೆಂಚಿನ ಮೇಲೆ ಕೂತರು; ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ.

“ಅಕ್ಕಾರ, ಒಂಚೂರು ನಗ್ರಿ,” ಎಂದ ಫೋಟೊ ತೆಗೆಯುವ ಮೌಲಾಸಾಬ.

“ನಗಬೇಕಂತ ಸರ್ಕಾರ ಬರದೈತೇನು? ತಗೀ.”

ಹಾಗೆ ಹುಟ್ಟಿದೆ ನಾನು, ಕರ್ನಾಟಕದಲ್ಲೇ ಅತಿ ಸಿಟ್ಟಿನ ಫೋಟೊ. ಗುಮಾಸ್ತ ನನ್ನನ್ನು ಹಿಡಿಯಲು ಹೆದರಿ ಅಂಚಿನಲ್ಲಿ ಎತ್ತಿ, ಪಿಂಚಣಿ ಪುಸ್ತಕಕ್ಕೆ ಅಂಟಿಸಿ, ನನ್ನ ಎದೆಯ ಮೇಲೆ ದಪ್ಪನೆ ಮೊಹರು ಗುದ್ದಿದ. ಆ ನೋವು ಇನ್ನೂ ಇದೆ.

ಈಗ ಒಂಬತ್ತು ವರ್ಷ. ಪುಸ್ತಕದ ಜೊತೆ ನಾನೂ ದ್ಯಾಮವ್ವನ ಸೀರೆಗಳ ಕೆಳಗೆ ಮಲಗಿದ್ದೇನೆ. ಮುದಕಪ್ಪ ಅಣ್ಣನ ಮನೆ ಮೆಟ್ಟಿಲು ಹತ್ತಿಲ್ಲ. ಫಕ್ಕೀರಪ್ಪ ಪ್ರತಿ ತಿಂಗಳು ಪಿಂಚಣಿಯನ್ನು ಇಡಿಯಾಗಿ ತಂದು ಹೆಂಡತಿಯ ಮುಂದಿಡುತ್ತಾನೆ. ಪ್ರತಿ ತಿಂಗಳೂ ಅದೇ ಕೊಂಕು.

“ತಗೋ. ಗೆದ್ದಿ.”

ಕಳೆದ ವಾರ ಅವಳು ದುಡ್ಡು ಮುಟ್ಟಲಿಲ್ಲ. “ಗೆಲ್ಲೂದು ಯಾರಿಗೆ ಬೇಕಿತ್ರೀ? ಒಂದು ಮಾತು ಕೇಳಿದ್ರ, ಅರ್ಧಾ ಲಾರಿಗೆ ನಾನ ಹೂಂ ಅಂತಿದ್ದೆ.”

ಫಕ್ಕೀರಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ನನಗೆ ವಯಸ್ಸಾಯಿತು. ಬಣ್ಣ ಹೋಗುತ್ತಿದೆ. ಅವನ ಮುಖದ ಕಡೆಯಿಂದ ಮೊದಲು ಮಾಸುತ್ತಿದ್ದೇನೆ; ಅವಳ ಕಣ್ಣು ಮಾತ್ರ ಹಾಗೇ ಉರಿಯುತ್ತಿವೆ. ಇಷ್ಟು ಜಂಬ ಕೊಚ್ಚಿದ ನಾನು ಒಂದನ್ನು ಒಪ್ಪಿಕೊಳ್ಳಲೇಬೇಕು: ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿದೆ, ಅಷ್ಟೇ. ಒಬ್ಬರನ್ನೊಬ್ಬರು ಕೇಳುವಂತೆ ಮಾಡಲು ನನ್ನಿಂದಾಗಲಿಲ್ಲ.