ನೋವಿಲ್ಲದ ಕಣ್ಣು

ಹಣೆಯ ಬಲಭಾಗದಲ್ಲಿ ಎದ್ದ ನೀರುಗುಳ್ಳೆಗಳು ಎರಡೇ ದಿನದಲ್ಲಿ ಮೂಗಿನ ತುದಿಗೂ ಇಳಿದವು. ಒಳಗೆ ಕೆಂಡ ಇಟ್ಟ ಹಾಗೆ ಉರಿ. ಭದ್ರಾವತಿಯಲ್ಲಿರುವ ತಂಗಿ ವಿಶಾಲಮ್ಮನಿಗೆ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿದೆ. ಅವಳು ನೋಡಿದ್ದೇ ತಡ, ಇದು ಸರ್ಪಸುತ್ತು, ಈಗಲೇ ಬಸ್ ಹತ್ತು ಅಂದಳು.

ವಿಶಾಲು ಸರ್ಪ ಬರೆಯುವವಳು, ಅತ್ತೆಯಿಂದ ಕಲಿತದ್ದು. ಕೆಮ್ಮಣ್ಣು ತೇಯ್ದು ಗುಳ್ಳೆಗಳ ಸುತ್ತ ಹಾವಿನ ಗೆರೆ ಎಳೆದು, ತಲೆಗೂ ಬಾಲಕ್ಕೂ ನಡುವೆ ಅಡ್ಡಗೆರೆ ಹಾಕುತ್ತಾಳೆ. ಅವೆರಡೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ನನ್ನ ಗುಳ್ಳೆಗಳು ಹಣೆಯ ನಡುವಿಗೆ ಬಂದು ನಿಂತವು, ಎಡಕ್ಕೆ ಒಂದೂ ದಾಟಲಿಲ್ಲ. ಅವಳಿಗೆ ಹೆಮ್ಮೆಯೋ ಹೆಮ್ಮೆ. ಹತ್ತು ದಿನಕ್ಕೆ ಹಕ್ಕಳೆ ಉದುರಿ, ಕೆಂಪಾಗಿ ಚುಚ್ಚುತ್ತಿದ್ದ ಬಲಗಣ್ಣೂ ತಣ್ಣಗಾಯಿತು. ನೋವೇ ಹೋದ ಮೇಲೆ ಡಾಕ್ಟರ್ ಯಾಕೆ ಎಂದು ಜಂಬದಿಂದ ಶಿವಮೊಗ್ಗಕ್ಕೆ ವಾಪಸಾದವಳು ನಾನೇ.

ಗಾಂಧಿ ಬಜಾರಿನ ಅಂಗಡಿಯಲ್ಲಿ ಮೂವತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಜಗದಾಂಬಾ ಟೈಲರ್ ಅಂದರೆ ಯಾರಾದರೂ ತೋರಿಸುತ್ತಾರೆ. ಭದ್ರಾವತಿಯಿಂದ ಬಂದ ಮೇಲೆ ಒಂದು ಮಧ್ಯಾಹ್ನ ಕಪ್ಪು ರವಿಕೆಗೆ ಹುಕ್ಕನ್ನು ಅರ್ಧ ಇಂಚು ಆಚೆ ಹಾಕಿಬಿಟ್ಟೆ. ಎಡಗಣ್ಣು ಮುಚ್ಚಿ ನೋಡಿದರೆ ಎದುರಿಗೆಲ್ಲ ಹೊಗೆ.

ಸವಳಂಗ ರಸ್ತೆಯ ಕಣ್ಣಿನ ಡಾಕ್ಟರ್ ನೌರೀನ್ ಪಕ್ಕದಿಂದ ಹತ್ತಿಯ ಎಳೆ ತಂದು ಎಡಗಣ್ಣಿನ ಗುಡ್ಡೆಗೆ ಮುಟ್ಟಿಸಿದರು. ರೆಪ್ಪೆ ಪಟ್ಟನೆ ಮುಚ್ಚಿತು. ಬಲಗಣ್ಣಿಗೆ ಯಾವಾಗ ಮುಟ್ಟಿಸುತ್ತೀರಿ ಎಂದು ಕೇಳಿದೆ. ಮುಟ್ಟಿಸಿ ಆಯಿತು ಅಂದರು.

"ನೋವು ಹೋಗಿದೆ ಅಮ್ಮ, ಕಾಯಿಲೆ ಹೋಗಿಲ್ಲ. ನೋವು ಹೇಳೋ ನರಾನೇ ಸುಟ್ಟುಹೋಗಿದೆ."

ಚಿಕ್ಕಂದಿನಲ್ಲಿ ಬಂದಿದ್ದ ಸೀತಾಳೆ ಸಿಡುಬಿನ ವೈರಸ್ ಇಷ್ಟು ವರ್ಷ ನರದ ಬುಡದಲ್ಲಿ ಅಡಗಿದ್ದು, ಈಗ ಆ ನರವನ್ನೇ ಹಿಡಿದು ಇಳಿದಿತ್ತು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಅದೇ ನರದ ಕವಲು. ಬಲಗಡೆಯ ನರ ಎಡಕ್ಕೆ ದಾಟುವುದಿಲ್ಲ, ಹಾಗಾಗಿ ಯಾರು ಗೆರೆ ಎಳೆದರೂ ಬಿಟ್ಟರೂ ಆ ಹಾವು ನಡುವಿಗೇ ನಿಲ್ಲುತ್ತಿತ್ತು. ನರದ ಕೆಲಸ ನೋವು ಹೇಳುವುದಷ್ಟೇ ಅಲ್ಲವಂತೆ. ರೋಗದ ಜೊತೆ ಹೊಡೆದಾಡುವ ರಕ್ತದ ಬಿಳಿ ಕಣಗಳಿಗೆ ಎಲ್ಲಿಗೆ ಬರಬೇಕು, ಯಾವಾಗ ಸಾಕು ಎಂದು ಸುದ್ದಿ ಮುಟ್ಟಿಸುವುದೂ ಅದೇ, ಗಾಯ ಮಾಯಿಸುವುದಕ್ಕೂ ಅದೇ ಬೇಕು. ನನ್ನ ಕಣ್ಣಿನ ಮೇಲೆ ಹುಣ್ಣಾಗಿತ್ತು. ಅದು ಆಳಕ್ಕೆ ಇಳಿದರೆ ಕಣ್ಣು ಹೋದಂತೆ. ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು. ಮೊದಲ ಮೂರು ದಿನದಲ್ಲೇ ಬಂದಿದ್ದರೆ ಮಾತ್ರೆಯಲ್ಲೇ ಬಹುಪಾಲು ಹತೋಟಿಗೆ ಬರುತ್ತಿತ್ತು ಅಂದರು.

ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಕಣ್ಣಿನಲ್ಲಿ ರವಿಕೆ ಹೊಲಿಯಲು ನಾನು ತಯಾರಿರಲಿಲ್ಲ.

ಸುದ್ದಿ ಕೇಳಿ ವಿಶಾಲು ಬಟ್ಟೆಯ ಚೀಲ ಹಿಡಿದು ಗೋಪಾಳದ ನನ್ನ ಮನೆಗೆ ಬಂದಿಳಿದಳು. ಬಾಗಿಲಲ್ಲೇ ಅತ್ತಳು, ಇನ್ನು ಸರ್ಪ ಬರೆಯುವುದಿಲ್ಲ ಅಂದಳು. ಬರಿ, ಆದರೆ ಬಂದವರನ್ನು ಮೊದಲು ಡಾಕ್ಟರ ಹತ್ತಿರ ಅಟ್ಟು ಎಂದು ಬೈದೆ. ಗಂಟೆಗೊಮ್ಮೆ ಡ್ರಾಪ್ಸ್ ಹಾಕುವ ಕೆಲಸ ಅವಳದಾಯಿತು. ಮಲಗುವಾಗ ರೆಪ್ಪೆಗೆ ಟೇಪು. ಉರಿಯದ ಕಣ್ಣು ತಾನಾಗಿ ಮಿಟುಕುವುದು ಕಡಿಮೆ ಎಂದು ಲೆಕ್ಕ ಹಾಕಿ ಮಿಟುಕಿಸಿದೆ. ಹೊಲಿಗೆ ನಿಲ್ಲಿಸಿದೆ, ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಹೋಗಲಿ ಎಂದುಕೊಂಡೆ. ಎರಡು ತಿಂಗಳಲ್ಲಿ ಹುಣ್ಣು ಮುಚ್ಚಿತು, ಕಣ್ಣು ಮಾತ್ರ ಮೂಕವಾಗೇ ಇತ್ತು. ಡ್ರಾಪ್ಸ್ ಒಂದೂ ತಪ್ಪಿಸಲಿಲ್ಲ.

ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಅಷ್ಟು ದಿನ ಎಡಗಣ್ಣೊಂದೇ ಉರಿಯುತ್ತಿತ್ತು. ಅವತ್ತು ಬಲಗಣ್ಣಿನ ಮೂಲೆಯಲ್ಲೂ ಚುರ್ ಎಂದಿತು. ಈಳಿಗೆಗೆ ಇನ್ನಷ್ಟು ಬಗ್ಗಿದೆ. ಚೆನ್ನಾಗಿಯೇ ಉರಿಯಿತು. ವಿಶಾಲು ಗಾಬರಿಯಾಗಿ ಡ್ರಾಪ್ಸ್ ತರಲು ಎದ್ದಳು.

"ಕೂತ್ಕೊಳೆ ಮಾರಾಯ್ತಿ," ಅಂದೆ. "ಇನ್ನೊಂದು ಈರುಳ್ಳಿ ಕೊಡು."