ಪ್ಲಗ್ ಕಿತ್ತರೂ ಕರೆಂಟ್ ಇರುತ್ತದೆ

ಆ ಕ್ಷೌರದಂಗಡಿಯ, ಗಾಜಿನ ಟ್ಯೂಬುಗಳಿರುವ ಹಳೇ ಆಂಪ್ಲಿಫೈಯರ್‌ನಲ್ಲಿ ಹಾಡಿಗಿಂತ ‘ಗುಂಯ್’ ಸದ್ದೇ ಜೋರು. “ಗಡ್ಡ ಕೆರೀತೀಯೋ, ಜೇನು ಸಾಕ್ತೀಯೋ?” ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು. ರೋಸಿಹೋದ ಅಂಗಡಿಯವನು ರಜೆಯ ದಿನ ಆ ಸದ್ದಡಗಿಸಲು ಡಬ್ಬಿಯಷ್ಟು ದಪ್ಪದ ಕೆಪಾಸಿಟರ್ ಕೊಂಡು ತಂದ. ಹಾಡುತ್ತಿದ್ದ ಆಂಪ್ಲಿಫೈಯರ್ ಪೆಟ್ಟಿಗೆಯ ಪ್ಲಗ್ ಕಿತ್ತ. ಬಿಸಿ ಟ್ಯೂಬ್‌ಗಳನ್ನು ಬಟ್ಟೆಯಲ್ಲಿ ಹಿಡಿದು ಕಳಚಿದ. ಪೆಟ್ಟಿಗೆ ಮಗುಚಿ, ತಳದ ತಗಡು ಬಿಚ್ಚಿ, ಕೈ ಚಾಚಿದ.

“ಭಾವಾ, ಕೈ ತೆಗೀರಿ!”

ಬಾಗಿಲಲ್ಲಿ ಹೆಂಡತಿಯ ತಂಗಿ, ಅವಳ ಹಿಂದೆಯೇ ಹೆಂಡತಿ. ಮೋಟಾರು ವೈಂಡಿಂಗ್, ಆಂಪ್ಲಿಫೈಯರ್ ರಿಪೇರಿ ತಂಗಿಯ ಕಸುಬು.

“ಪ್ಲಗ್ ಕಿತ್ತಾಯ್ತಲ್ಲಮ್ಮ. ಇನ್ನು ಕರೆಂಟೆಲ್ಲಿಂದ ಬರುತ್ತೆ?”

ಅವಳು ಚೀಲದಿಂದ ಮೀಟರ್ ತೆಗೆದು ಒಳಗಿನ ಕೆಪಾಸಿಟರ್‌ಗೆ ಹಿಡಿದಳು. ಮುಳ್ಳು ಮುನ್ನೂರು ವೋಲ್ಟ್ ದಾಟಿತು. ಅವನ ಹೆಂಡತಿ ಗಾಬರಿಯಿಂದ ಗಂಡನ ಮೊಣಕೈ ಹಿಡಿದು ಹಿಂದಕ್ಕೆಳೆದಳು.

“ಕೆಪಾಸಿಟರ್ ಕರೆಂಟ್ ಕೂಡಿಟ್ಟುಕೊಳ್ಳುತ್ತೆ ಭಾವ. ಜೀವ ತೆಗೆಯೋಕೆ ಇಷ್ಟು ಸಾಕು.” ಅವಳು ಕ್ಲಿಪ್ಪಿನ ತಂತಿಯಿಂದ, ಕೂಡಿಟ್ಟ ಕರೆಂಟನ್ನು ಮೆಲ್ಲಗೆ ಇಳಿಸುವ ಒಂದು ರೆಸಿಸ್ಟರ್ ಜೋಡಿಸಿ, ಮುಳ್ಳು ಸೊನ್ನೆಗಿಳಿಯುವವರೆಗೂ ಕಾದಳು.

ಅವನ ಮುಖ ಬಿಳಿಚಿಕೊಂಡಿತ್ತು. ಹಟ ಮಾತ್ರ ಇಳಿದಿರಲಿಲ್ಲ. “ಸರಿ, ಈಗ ಈ ದೊಡ್ಡದನ್ನ ಹಾಕು. ಗುಂಯ್ ಅನ್ನೋದು ಸತ್ತೇ ಹೋಗುತ್ತೆ.”

“ಮೊನ್ನೆಯೂ ದೊಡ್ಡದು ಹಾಕಿದ್ರಲ್ಲ? ಎ.ಸಿ. ಕರೆಂಟನ್ನ ಡಿ.ಸಿ. ಮಾಡೋ ರೆಕ್ಟಿಫೈಯರ್ ಟ್ಯೂಬ್ ಏನಾಯ್ತು?”

“ಸುಟ್ಟೋಯ್ತು. ಕಳಪೆ ಮಾಲು. ಬೇರೆ ಟ್ಯೂಬ್ ತಂದು, ಹಳೇ ಕೆಪಾಸಿಟರನ್ನೇ ಮತ್ತೆ ಹಾಕ್ದೆ.”

“ಟ್ಯೂಬಿನ ತಪ್ಪಲ್ಲ. ಅದರ ನಂತರ ಬರೋ ಮೊದಲ ಕೆಪಾಸಿಟರ್ ಅತಿ ದೊಡ್ಡದಾದ್ರೆ ಒಂದೇ ಏಟಿಗೆ ಕರೆಂಟ್ ಎಳೆಯುತ್ತೆ, ಟ್ಯೂಬ್ ತಡೆಯಲ್ಲ. ಅದು ತಾಳೋವಷ್ಟೇ ಹಾಕ್ಬೇಕು. ಆಮೇಲೊಂದು ಚೋಕ್, ಅದರಾಚೆ ಇನ್ನೊಂದು ಕೆಪಾಸಿಟರ್.”

“ಆ ಕಬ್ಬಿಣದ ಗಡ್ಡೆ ಏನು ಕಡಿದು ಕಟ್ಟೆ ಹಾಕುತ್ತೆ?”

“ಕಬ್ಬಿಣಕ್ಕೆ ಸುತ್ತಿದ ತಾಮ್ರದ ತಂತಿ ಅದು. ಒಂದೇ ಸಮ ಹರಿಯೋ ಕರೆಂಟಿಗೆ ದಾರಿ ಬಿಡುತ್ತೆ, ಏರಿಳಿಯೋದನ್ನ ತಡೆಯುತ್ತೆ. ಆ ಏರಿಳಿತವೇ ನಿಮ್ಮ ಗುಂಯ್.”

“ಇವಳು ಹೇಳಿದ್ದೇ ಆಗ್ಲಿ. ನೀವು ಆ ಡಬ್ಬಿ ವಾಪಸ್ ಕೊಟ್ಟು ಬನ್ನಿ,” ಎಂದಳು ಹೆಂಡತಿ. ಅವನು ಡಬ್ಬಿ ಎತ್ತಿಕೊಂಡು ಹೊರಟ.

ತಂಗಿ ಆ ಟ್ಯೂಬಿಗೆ ಹೊಂದುವ ಚೋಕ್ ಸುತ್ತಿ ತಂದು, ಎರಡು ಕೆಪಾಸಿಟರುಗಳ ನಡುವೆ ಕೂರಿಸಿದಳು. ಸ್ವಿಚ್ ಆರಿದ ಮೇಲೆ ಕರೆಂಟ್ ತಾನೇ ಇಳಿಯಲೆಂದು ಕೆಪಾಸಿಟರ್‌ಗಳಿಗೆ ಅಡ್ಡಲಾಗಿ ರೆಸಿಸ್ಟರ್ ಕೂಡ ಬೆಸೆದಳು. ಟ್ಯೂಬುಗಳನ್ನು ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿದಾಗ, ಹಾಡುವ ಮುನ್ನ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅವನು ಬಾಚಣಿಗೆ ಹಿಡಿದು ಹಾಗೇ ನಿಂತುಬಿಟ್ಟ.

ನಿಮ್ಮ ಮನೆಯಲ್ಲೂ ಟ್ಯೂಬ್ ಆಂಪ್ಲಿಫೈಯರ್ ಇದೆಯೇ? ಅಂದಾಜಿನ ಮೇಲೆ ದೊಡ್ಡ ಕೆಪಾಸಿಟರ್ ಹಾಕಬೇಡಿ. ಪ್ಲಗ್ ಕಿತ್ತೆವೆಂದು ಒಳಗೆ ಕೈ ಹಾಕಬೇಡಿ, ಉಳಿದ ಕರೆಂಟ್ ಇಳಿಸಲೆಂದು ಸ್ಕ್ರೂಡ್ರೈವರ್ ತಾಗಿಸಬೇಡಿ. ಕೆಲಸ ಬಲ್ಲವರನ್ನು ಕರೆಯಿರಿ. ಮೊದಲು ಮೀಟರ್ ಹಿಡಿಯಲು ಅವರಿಗೂ ಹೇಳಿ. ಹಾಡು ನಾಳೆ ಕೇಳಬಹುದು, ಕೇಳಲು ನೀವಿರಬೇಕು.