ಅಂಗಳಕ್ಕೆ ಬಂದ ಕರಡ

"ದೂರ ನಿಂತ ಹೊಯ್ಯ, ರಂಡಿ. ನಿನ್ನ ಕೊಡದ ನೀರ ಕಟ್ಟಿಗೆ ಸಿಡದ್ರ ಯಾರ ತೊಳೀಬೇಕ, ನಿಮ್ಮಪ್ಪ?"

ಬಂಗಲೆಯ ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುತ್ತಿದ್ದ ಅಂದಪ್ಪಗೌಡರ ಬೆಳಗಿನ ಮೊದಲ ಮಾತು ಇದು. ಕರೆವ್ವ ಹಿಂದೆ ಸರಿದು ಕರಡದ ಹುಲ್ಲಿನ ಬುಡಕ್ಕೆ ಅಷ್ಟಿಷ್ಟು ನೀರು ಚಿಮುಕಿಸಿದಳು. ಹಳ್ಳದಿಂದ ಹೊತ್ತು ತಂದ ನೀರು. ಗೌಡರ ಬಾವಿಯನ್ನು ಹೊಲಗೇರಿಯವರು ಮುಟ್ಟುವ ಹಾಗೆ ಎಲ್ಲಿತ್ತು? "ಕುಡಿ, ನನ್ನವ್ವಾ," ಎಂದು ತುಟಿಯೊಳಗೇ ಅಂದಳು. ಆ ಪೊದೆ ಅವಳ ಸತ್ತ ಮಗಳು ಹುಚ್ಚವ್ವ.

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಕೇರಿಯವರ ಮಸಣ. ಅಲ್ಲಿ ಒಂದು ಕಲ್ಲು ನಿಲ್ಲಿಸಿದರೂ ಊರವರ ಕಣ್ಣು ಕೆಂಪಾಗುತ್ತಿತ್ತು. ಹಾಗಾಗಿ ಹೂತ ಮಣ್ಣಿನ ಮೇಲೆ ಕರಡ ನೆಡುವುದು ಕೇರಿಯ ಪದ್ಧತಿ. ಮಳೆ ಕೈಕೊಟ್ಟರೂ ಅದು ಸಾಯುವುದಿಲ್ಲ. ಮಾನೌಮಿ ಅಮಾವಾಸ್ಯೆಯ ಹೊತ್ತಿಗೆ ಬೆಳ್ಳಿ ಕುಚ್ಚಿನಂಥ ತೆನೆ ಬಿಡುತ್ತದೆ. ಆ ದಿನ ತಮ್ಮ ತಮ್ಮವರ ಪೊದೆಗೆ ಎಡೆಯಿಟ್ಟು, ಅತ್ತು ಬರುತ್ತಾರೆ.

ಧಾರವಾಡದಲ್ಲಿ ಯಾವನೋ ಸಾಹೇಬನ ಬಂಗಲೆಯ ಮುಂದೆ ಇಂಥದೇ ಹುಲ್ಲು ನೋಡಿ ಬಂದ ಗೌಡರಿಗೆ ತಮ್ಮ ಹೊಸ ಬಂಗಲೆಗೂ ಅದೇ ಬೇಕಾಯಿತು. ಗುಡ್ಡದಿಂದ ಬೇರು ಝಾಡಿಸಿ ತಂದವು ಒಣಗಿಹೋದವು. ಆಗ ಮಸಣದ್ದು ಕಣ್ಣಿಗೆ ಬಿತ್ತು. ಮಣ್ಣಿನ ಸಮೇತ ಕಿತ್ತು ತರಬೇಕೆಂದು ಅಪ್ಪಣೆಯಾಯಿತು. ಕರೆವ್ವನ ಗಂಡ ಗೋಣೆಪ್ಪ ಕೈಮುಗಿದು, ಅವು ನಮ್ಮ ಸತ್ತವರು ಅಂದ.

"ಹುಲ್ಲಿಗೂ ಹೆಸರ ಇಟ್ಟೀರೇನಲೇ, ಸೂಳಿಮಗನ?" ಎಂದು ಗೌಡರು ಬಾರುಕೋಲು ಎತ್ತಿದರು.

ಬೇರೆಯವರ ಗುದ್ದಲಿ ಮಗಳ ಮೇಲೆ ಬೀಳುವುದು ಬೇಡವೆಂದು ಕರೆವ್ವ ತಾನೇ ಅಗೆದಳು, ತಾನೇ ತಂದು ನೆಟ್ಟಳು. ಕೇರಿಯ ಉಳಿದವರೂ ತಮ್ಮ ತಮ್ಮವರನ್ನು ಹಾಗೇ ತಂದು ನೆಟ್ಟರು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಸಣದಲ್ಲಿ ಬರೀ ಗುಂಡಿ. ಹುಲ್ಲೂ ಮಣ್ಣೂ ಗೌಡರ ಅಂಗಳದಲ್ಲಿ. ಅಮಾವಾಸ್ಯೆ ಬಂದರೆ ಎಡೆ ಎಲ್ಲಿಡುವುದು? ಕೇರಿಯಲ್ಲಿ ದಿನವೂ ಇದೇ ಜಗಳ. ಹುಲ್ಲಿದ್ದಲ್ಲೇ ಜೀವ ಎಂದು ಮುದುಕಿಯರು ಹಟ ಹಿಡಿದರೆ, ಸುಮ್ಮನಿರಿ, ಉಣ್ಣುವ ಕೂಳಿಗೆ ಕಲ್ಲು ಬಿದ್ದೀತು ಎಂದು ಗೋಣೆಪ್ಪ ಗದರುತ್ತಿದ್ದ.

"ನಾಳಿ ಇತ್ತ ಸುಳೀಬ್ಯಾಡ," ನೀರು ಹೊಯ್ದು ಹೊರಟವಳಿಗೆ ಅಂದರು ಗೌಡರು. "ರೋಣದಿಂದ ಮಾಮಲೇದಾರ ಸಾಹೇಬ್ರು ಚಾಕ್ಕ ಬರ್ತಾರ. ನಿಮ್ಮ ಮಾರಿ ಕಾಣಬಾರ್ದು."

"ನಾಳಿ ಅಮಾಸಿ ಐತ್ರಿ, ಎಪ್ಪಾ."

"ನಿಮ್ಮ ಕೇರ್ಯಾಗ ಮಾಡ್ಕೋ ಹೋಗ."

ಮರುದಿನ ಸಂಜೆ ಜೀಪು ಬಂತು. ಮಾಮಲೇದಾರರು ಚಹಾದ ಬಸಿ ಹಿಡಿದುಕೊಂಡು ತೆನೆಗಳನ್ನು ಹೊಗಳುತ್ತಿದ್ದಾಗ ಕರೆವ್ವ ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೊಡ ಹೊತ್ತು ಅಂಗಳಕ್ಕೆ ಬಂದಳು. ಹಿಂದೆ ಇಡೀ ಕೇರಿ. ಎಲ್ಲರಿಗಿಂತ ಹಿಂದೆ, ಬೇಡವೆಂದಿದ್ದ ಗೋಣೆಪ್ಪನೂ. ತಮ್ಮ ತಮ್ಮ ಪೊದೆಯ ಮುಂದೆ ಕೂತು ಕಡಬು, ಬಾಡು, ಸೆರೆ ಇಟ್ಟರು. ಕರೆವ್ವ ಹುಚ್ಚವ್ವನಿಗೆ ರೊಟ್ಟಿ, ಬೆಲ್ಲ, ಎರಡು ಹಸಿರು ಬಳೆ ಇಟ್ಟಳು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಎದೆ ಬಡಿದುಕೊಂಡು ಗಟ್ಟಿಯಾಗಿ ಅತ್ತಳು.

ಇದೇನೆಂದು ಮಾಮಲೇದಾರರು ಕೇಳಿದರು.

"ನಮ್ಮ ಮಸಣರೀ, ಸಾಹೇಬ್ರ," ಅಂದ ಗೋಣೆಪ್ಪ. "ಗೌಡ್ರು ಮಣ್ಣ ಸಮೇತ ಇಲ್ಲಿಗೆ ತರಿಸ್ಯಾರ."

ಬಸಿಯ ಚಹಾ ಬಸಿಯಲ್ಲೇ ಉಳಿಯಿತು. ಗೌಡರ ಮುಖ ಕಪ್ಪಿಟ್ಟಿತು. ಈಗಲೇ ಕಿತ್ತೊಗೆಯಿರೆಂದು ಆಳುಗಳ ಮೇಲೆ ಹರಿಹಾಯ್ದರು. ಹೊಲಗೇರಿಯ ಹೆಣದ ಮಣ್ಣನ್ನು ಊರೊಳಗಿನ ಆಳು ಮುಟ್ಟಿಯಾನೇ? ಒಬ್ಬೊಬ್ಬರಾಗಿ ಹೊರಗೆ ಜಾರಿಕೊಂಡರು.

"ನೀನ ಕೀಳ, ಬೋಸಡಿ."

ಕರೆವ್ವ ಕಣ್ಣೊರೆಸಿಕೊಂಡಳು. "ಒಮ್ಮೆ ಹುಗದದ್ದನ್ನ ನಾವು ಅಗಿಯೂದಿಲ್ರಿ. ನೀವು ಅಗಿಸಿದ್ದ ಒಂದ ಸಲಾ ಸಾಕು. ಇನ್ನ ವರ್ಷ ವರ್ಷಾ ಇಲ್ಲೇ ಬರ್ತೀವಿ."

ಕೊಡದಲ್ಲಿ ಉಳಿದಿದ್ದ ಹಳ್ಳದ ನೀರನ್ನು ಗೌಡರ ಕಟ್ಟೆಯ ಮೇಲೆ ಸುರಿದಳು. ಆ ಹಸಿಯ ಮೇಲೆಯೇ ಕೂತು, ಮಗಳಿಗಿಟ್ಟ ರೊಟ್ಟಿಯಲ್ಲಿ ತನ್ನ ಪಾಲು ಮುರಿದು ತಿನ್ನತೊಡಗಿದಳು.